ಬರೀ ವಾಸನೆ

"ಸಿನಿಮಾದಲ್ಲಿ ನಿಮ್ಮನ್ನ ಸಾಯಿಸಿಬಿಟ್ಟಿದ್ರೆ ಚೆನ್ನಾಗಿರ್ತಿತ್ತು ಕಣ್ರೀ," ಎಂದಳು ಷಮೀಮ್, ಹೆಂಚಿನ ಮೇಲೆ ರೊಟ್ಟಿ ತಿರುವಿ ಹಾಕುತ್ತ. "ಸತ್ತೋರ ಹಿಂದೆ ಬೀದಿ ಹುಡುಗರು ಬೀಳಲ್ಲ."

ಗಂಡ ಸಾದಿಕ್ ಪಾಷಾ ರೊಟ್ಟಿ ಮುರಿದು ಚಹಾದಲ್ಲಿ ಅದ್ದಿಕೊಂಡು, ಮಗಳು ರುಬೀನಾ ಓದುತ್ತಿದ್ದ ಪತ್ರಿಕೆಯ ಕಡೆಗೇ ಕಿವಿ ಇಟ್ಟಿದ್ದ. ಐವತ್ತು ದಾಟಿದ ಮನುಷ್ಯ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬು. ಹೊಗಳಿಕೆ ಕೇಳಿ ಅಭ್ಯಾಸವಿಲ್ಲದವನು. ಕಿವಿ ಎರಡೂ ಕೆಂಪಾಗಿದ್ದವು.

"ಓದಮ್ಮ, ನಿಲ್ಲಿಸಬೇಡ," ಎಂದ.

ರುಬೀನಾ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಪಾಠ ಓದುವ ದನಿಯಲ್ಲೇ ಓದಿದಳು. "'ಸೀಕ್ರೆಟ್ ಸಿದ್ದಣ್ಣ. ನಾಲ್ಕು ಸ್ಟಾರ್. ಗಡ್ಡ, ಮೈಬಣ್ಣ, ಕಣ್ಣಿನ ಆಕಾರ ನೋಡಿ ಮನುಷ್ಯರನ್ನು ಅಳೆಯುವ ನಮ್ಮ ಕೆಟ್ಟ ಚಾಳಿಗೆ ಹಿಡಿದ ಕನ್ನಡಿ. ಈ ಗೂಢಚಾರಿ ಹಾಸ್ಯ ನಗಿಸುತ್ತಲೇ ಕಪಾಳಕ್ಕೆ ಬಾರಿಸುತ್ತದೆ.'"

"ಅಬ್ಬನ ಹೆಸರಿದೆಯಾ ಆಪಾ?" ಮಗ ಬಬ್ಲು ಮೊಬೈಲಿನಿಂದ ತಲೆ ಎತ್ತದೆ ಕೇಳಿದ.

"ಇದೆ. 'ಅತ್ತರ್ ಸಾಬಿಯ ಪಾತ್ರದಲ್ಲಿ ಹೊಸಬ ಸಾದಿಕ್ ಪಾಷಾ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾರೆ.'"

"ಯಾರ ಹೊಟ್ಟೆ ಹುಣ್ಣಾಗಿದೆ ಅಂತ ಆ ಪೇಪರಿನೋರು ನನ್ನನ್ನ ಬಂದು ಕೇಳ್ಲಿ," ಎಂದಳು ಷಮೀಮ್. ಆ ಮನೆಯಲ್ಲಿ ಉರ್ದು, ಕನ್ನಡ ಎರಡೂ ಕಲಸಿಕೊಂಡೇ ಓಡಾಡುತ್ತಿದ್ದವು. ಸಿಟ್ಟು ಬಂದಾಗ ಷಮೀಮ್ ಕನ್ನಡಕ್ಕೆ ಬರುತ್ತಿದ್ದಳು, ಅದೇ ಅವಳ ಗುರುತು.

ಆಗಿದ್ದಿಷ್ಟು. ಹೋದ ಚಳಿಗಾಲದಲ್ಲಿ ಮೋಹನ್‌ಬಾಬು ಎಂಬ ನಿರ್ದೇಶಕ ಬೆಂಗಳೂರಿನಿಂದ ಶೂಟಿಂಗಿಗೆ ಜಾಗ ಹುಡುಕಿಕೊಂಡು ಬಂದ. ಇವರ ಮನೆ ಹಿಂದಿನ ಬಿಚ್ಚಾಣಿಕೆ ಶೆಡ್ಡು, ಅಲ್ಲಿನ ಹಬೆ, ಕುದಿನೀರಿನ ತೊಟ್ಟಿ ಎಲ್ಲ ಅವನ ಮನಸ್ಸಿಗೆ ಬಂದವು. ಅದಕ್ಕಿಂತ ಹೆಚ್ಚಾಗಿ ಸಾದಿಕ್ ಪಾಷಾನ ಗಡ್ಡ ಮನಸ್ಸಿಗೆ ಬಂತು. ಕಥೆ ಹೇಳಿದ. ಸಿದ್ದಣ್ಣ ಎಂಬ ಪೆದ್ದ ಗೂಢಚಾರಿ ಊರೂರು ತಿರುಗುತ್ತಾನೆ. ಹೋಟೆಲಿನಲ್ಲಿ ಕೆಲಸ ಮಾಡುವ ಮಣಿಪುರದ ಹುಡುಗನನ್ನು ಚೀನಾದವನೆನ್ನುತ್ತಾನೆ, ಆಫ್ರಿಕಾದಿಂದ ಓದಲು ಬಂದವನನ್ನು ಕಳ್ಳಸಾಗಣೆಯವನೆನ್ನುತ್ತಾನೆ, ರೇಷ್ಮೆ ಸಾಬಿಯನ್ನು ಶತ್ರುದೇಶದ ಏಜೆಂಟನೆನ್ನುತ್ತಾನೆ. ಕೊನೆಗೆ ಎಲ್ಲ ಅನಾಹುತಕ್ಕೂ ಅವನೇ ಕಾರಣ ಎಂದು ಬಯಲಾಗುತ್ತದೆ.

"ನಗಬೇಕಾದ್ದು ಸಿದ್ದಣ್ಣನನ್ನ ನೋಡಿ ಸಾರ್, ನಿಮ್ಮನ್ನ ನೋಡಿ ಅಲ್ಲ," ಎಂದಿದ್ದ ಮೋಹನ್‌ಬಾಬು. ಸಾದಿಕ್ ಪಾಷಾನಿಗೆ ಈ ಮಾತು ತುಂಬ ಹಿಡಿಸಿತು. ಸ್ವಚ್ಛ ಕನ್ನಡ ಮಾತಾಡುವ ಅವನಿಗೆ ಹರಕುಮುರುಕು ಕನ್ನಡ ಮಾತಾಡಿ ಎಂದಾಗ ಮೊದಲು ಬೇಸರವಾಯಿತು. ಆಮೇಲೆ ಅದೂ ಸಿದ್ದಣ್ಣನ ತಲೆಯೊಳಗಿನ ಸಾಬಿಯ ಮಾತು ಎಂದು ಸಮಾಧಾನ ಮಾಡಿಕೊಂಡ. ಅಷ್ಟೇ ಆಗಿದ್ದರೆ ಸರಿ. ತಾನಾಗಿ ಒಂದು ಉಪಾಯವನ್ನೂ ಹೇಳಿಕೊಟ್ಟ.

ರೇಷ್ಮೆ ಹುಳಕ್ಕೆ ವಾಸನೆ ಆಗದು. ಬೀಡಿ, ಅಗರಬತ್ತಿ, ಸೊಳ್ಳೆ ಔಷಧಿ, ಯಾವುದೂ ಆಗದು. ಹುಳ ಸಾಕುವ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಬಿಟ್ಟರೂ ಬಾಗಿಲಲ್ಲಿ ಸುಣ್ಣದ ನೀರಿನಲ್ಲಿ ಕಾಲು ತೊಳೆಸಿಯೇ ಬಿಡುವುದು. ಸಾದಿಕ್ ಪಾಷಾ ಇಪ್ಪತ್ತು ವರ್ಷದಿಂದ ಸಾದಲಿ ಹಳ್ಳಿಯ ಮುನಿಲಕ್ಷ್ಮಿಯ ಹುಳದ ಮನೆಗೆ ಹೋಗಿಬರುತ್ತಿದ್ದವನು. ಅದಕ್ಕೆಂದೇ ಒಂದು ನೀಲಿ ಅಂಗಿ ಬೇರೆ ಇಟ್ಟಿದ್ದ. ಅದಕ್ಕೆ ಸೋಪು ಮುಟ್ಟಿಸುವಂತಿಲ್ಲ, ಷಮೀಮ್ ಅಂಟುವಾಳದ ನೀರಿನಲ್ಲಿ ತೊಳೆಯಬೇಕು. ಶುಕ್ರವಾರ ಅತ್ತರ್ ಹಚ್ಚಿಕೊಂಡ ಮೈಯಲ್ಲಿ ಅವನು ಒಮ್ಮೆಯೂ ಸಾದಲಿ ದಾರಿ ಹಿಡಿದವನಲ್ಲ.

ಇದನ್ನೆಲ್ಲ ಬಾಯಿ ತುಂಬ ಹೇಳಿದ್ದೇ ಹೇಳಿದ್ದು, ಮೋಹನ್‌ಬಾಬು ಕುಣಿದಾಡಿಬಿಟ್ಟ. ಸಿನಿಮಾದಲ್ಲಿ ಅತ್ತರ್ ಸಾಬಿ ಹುಳದ ಮನೆಯೊಳಗೆ ಹೋಗುತ್ತಾನೆ, ತಟ್ಟೆ ತಟ್ಟೆ ಹುಳ ಸಾಯುತ್ತವೆ. ಸಿದ್ದಣ್ಣ ಪಿಸ್ತೂಲು ಹಿಡಿದು "ಯಾರೋ ನೀನು?" ಎನ್ನುತ್ತಾನೆ. ಸಾಬಿ ಕಣ್ಣು ಅಗಲಿಸಿ, ಅಂಗಿ ಕೊಡವಿ, "ನಾನು ಏನೂ ಅಲ್ಲಾ ಸ್ವಾಮೀ, ಬರೀ ವಾಸನೆ!" ಎನ್ನುತ್ತಾನೆ. ಮುಂದಿನ ದೃಶ್ಯದಲ್ಲಿ ಗೊತ್ತಾಗುತ್ತದೆ, ಹುಳ ಕೊಂದದ್ದು ಅಟ್ಟದ ಮೇಲೆ ಅಡಗಿದ್ದ ಸಿದ್ದಣ್ಣ ಸೊಳ್ಳೆ ಕಾಟಕ್ಕೆ ಹೊಡೆದುಕೊಂಡ ಔಷಧಿ ಎಂದು.

ಮೊಬೈಲಿನಲ್ಲಿ ಊರೂರು ಸುತ್ತಿದ ತುಣುಕು ಮಾತ್ರ "ಬರೀ ವಾಸನೆ" ಎನ್ನುವಲ್ಲಿಗೇ ಮುಗಿಯುತ್ತಿತ್ತು. ಸೊಳ್ಳೆ ಔಷಧಿಯ ತನಕ ಯಾರಿಗೆ ತಾಳ್ಮೆ?

ಮಸೀದಿ ರಸ್ತೆಯ ಚಹಾದಂಗಡಿಯಲ್ಲಿ ಹಿರಿಯರು ಮುಖ ತಿರುಗಿಸಿದರು. "ನಮ್ಮ ಗಡ್ಡವನ್ನ ನಗೆಪಾಟಲು ಮಾಡಿ ಬಂದೆಯಲ್ಲಪ್ಪ," ಎಂದರು. ಬಸ್ ಸ್ಟ್ಯಾಂಡಿನ ಹುಡುಗರು ಮೂಗು ಮುಚ್ಚಿಕೊಂಡು "ಬರೀ ವಾಸನೆ" ಎಂದು ಕೂಗಿದರು. ಸಾದಿಕ್ ಪಾಷಾ ಎರಡಕ್ಕೂ ನಗುತ್ತಿದ್ದ. ಪೂರ್ತಿ ನೋಡಿದರೆ ಸರಿಹೋಗುತ್ತಾರೆ ಎಂದು ಅವನ ನಂಬಿಕೆ.

ಮುಂದಿನ ಭಾನುವಾರ ಇನ್ನೊಂದು ಪತ್ರಿಕೆಯಲ್ಲಿ ಆಶಾರಾಣಿ ಎಂಬ ವಿಮರ್ಶಕಿ ಬರೆದದ್ದು ಬಂತು. ರುಬೀನಾ ಅದನ್ನೂ ಓದಿದಳು. "'ನಿರ್ದೇಶಕರ ಉದ್ದೇಶ ಒಳ್ಳೆಯದೇ. ಆದರೆ ಪ್ರೇಕ್ಷಕ ಮನೆಗೆ ಕೊಂಡೊಯ್ಯುವುದು ಸಿದ್ದಣ್ಣನ ಪೆದ್ದುತನವನ್ನಲ್ಲ, ಅತ್ತರ್ ಸಾಬಿಯನ್ನು. ಗೇಲಿಗೆ ಗುರಿಯಾಗಬೇಕಿದ್ದ ಪೂರ್ವಗ್ರಹವೇ ಗೆದ್ದು ಹೋಗಿದೆ.'"

"ಆಯಮ್ಮ ಅರ್ಧಕ್ಕೇ ಎದ್ದು ಹೋಗಿರ್ಬೇಕು," ಎಂದ ಸಾದಿಕ್ ಪಾಷಾ.

"ಪೂರ್ತಿ ನೋಡಿದ್ದಕ್ಕೇ ಹಿಂಗೆ ಬರ್ದಿರೋದು ಅಬ್ಬಾ."

"ಸ್ಟಾರ್ ಎಷ್ಟು ಕೊಟ್ಟಿದ್ದಾಳೆ?" ಬಬ್ಲು ಕೇಳಿದ.

"ಎರಡು."

"ಹೊಟ್ಟೆಕಿಚ್ಚು ಅಷ್ಟೇ ಬಿಡು ಆಪಾ."

ಷಮೀಮ್ ಸಾರಿಗೆ ಒಗ್ಗರಣೆ ಕೊಟ್ಟಳು. ಆ ದಿನ ಮನೆಯಲ್ಲಿ ಮಾಂಸದ ಸಾರಿತ್ತು. ಹಾಗೆ ಮಾಂಸದ ಸಾರು ಮಾಡಿದ ಕೊನೆಯ ಭಾನುವಾರ ಅದು ಎಂದು ಅವಳಿಗಾಗಲೀ ಉಂಡವರಿಗಾಗಲೀ ಗೊತ್ತಿರಲಿಲ್ಲ.

ಆ ವಾರವೇ ಸಾದಿಕ್ ಪಾಷಾ ನೀಲಿ ಅಂಗಿ ತೊಟ್ಟು ಸಾದಲಿಗೆ ಹೊರಟ. ಮುನಿಲಕ್ಷ್ಮಿಯ ಮನೆಯ ಹುಳ ಕೊನೆಯ ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು ಗಬಗಬ ಸೊಪ್ಪು ತಿನ್ನುತ್ತಿದ್ದ ಹೊತ್ತು. ಗೂಡು ಕಟ್ಟುವುದಕ್ಕೆ ಮುಂಚೆ ಒಮ್ಮೆ, ಕಟ್ಟಿದ ಮೇಲೆ ಒಮ್ಮೆ ಹೋಗಿ ನೋಡಿ, ಬೆಳೆ ಹೇಗೆ ಬರುತ್ತದೆಂದು ತಿಳಿದುಕೊಂಡು ಆಮೇಲೆ ಶಿಡ್ಲಘಟ್ಟದ ಮಾರುಕಟ್ಟೆಯ ಹರಾಜಿನಲ್ಲಿ ಅದೇ ಗೂಡಿಗೆ ಬೆಲೆ ಕೂಗುವುದು ಅವನ ಪದ್ಧತಿ. ಮುನಿಲಕ್ಷ್ಮಿ ಅವನ ಬೆಲೆಗೆ ಒಲ್ಲೆ ಎಂದವಳಲ್ಲ. ಅವಳು ಕೊಟ್ಟಳೆಂದರೆ ಆ ಕಡೆಯ ನಾಲ್ಕಾರು ಹಳ್ಳಿಯವರೂ ಕೊಡುತ್ತಿದ್ದರು. ಷಮೀಮ್ ಕೂಡ ಮೊಪೆಡ್ಡಿನ ಹಿಂದೆ ಕೂತು ಹೋದಳು, ಅಲ್ಲಿ ಸಿಗುವ ಹುಣಸೆಹಣ್ಣಿಗೆ.

ಮುನಿಲಕ್ಷ್ಮಿ ಸೊಪ್ಪು ಕತ್ತರಿಸುತ್ತಿದ್ದಳು. "ಬನ್ನಿ ಸಾದಿಕಣ್ಣ, ಬಾರಮ್ಮ ಷಮೀಮಮ್ಮ. ಏನಪ್ಪ, ಸಿನಿಮಾದೋರಾಗ್ಬಿಟ್ರಿ!" ಎಂದು ನಕ್ಕಳು. ಮಗ ಅಂಬರೀಶ ಮೊಬೈಲ್ ಹಿಡಿದೇ ಹೊರಬಂದ. "ಮಾವ, ಒಂದ್ಸಲ ಮಾಡಿ ತೋರಿಸಿ ಮಾವ. ಮನೇಲೆಲ್ರೂ ನೋಡ್ಲಿ."

"ಬೇಡ ಬಿಡೋ," ಎಂದಳು ಷಮೀಮ್.

"ಅಯ್ಯೋ, ನಂ ಅಂಬರೀಶ ಕೇಳ್ದಾಗ ಇಲ್ಲ ಅನ್ನಕ್ಕಾಗುತ್ತಾ?" ಎಂದ ಸಾದಿಕ್ ಪಾಷಾ. ಕಾಲು ತೊಳೆದು ಹುಳದ ಮನೆಯ ಹೊಸ್ತಿಲ ಮೇಲೆ ನಿಂತಿದ್ದವನು ಅಲ್ಲೇ ತಿರುಗಿ, ಕಣ್ಣು ಅಗಲಿಸಿ, ನೀಲಿ ಅಂಗಿ ಕೊಡವಿ, "ನಾನು ಏನೂ ಅಲ್ಲಾ ಸ್ವಾಮೀ, ಬರೀ ವಾಸನೆ!" ಎಂದ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮುನಿಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಳದ ಮನೆಯ ಹೊಸ್ತಿಲಲ್ಲಿ ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುವ ಜನ ಅವರು. ಇಪ್ಪತ್ತು ವರ್ಷ ಆ ಹೊಸ್ತಿಲನ್ನು ಅಷ್ಟು ಜೋಪಾನವಾಗಿ ದಾಟಿದವನು, ಹೊಗಳಿಕೆಯ ಗುಂಗಿನಲ್ಲಿ ಸಾವಿನ ಆಟವನ್ನು ಅಲ್ಲೇ ಆಡಿಬಿಟ್ಟ. ಹೊರಡುವಾಗ ಗಾಳಿಯಲ್ಲಿ ಏನೋ ಘಾಟು ಷಮೀಮಳ ಮೂಗಿಗೆ ಹೊಡೆಯಿತು. ಪಕ್ಕದ ಹೊಲದಲ್ಲಿ ಮುನಿಲಕ್ಷ್ಮಿಯ ಮೈದುನ ಆವುಲಪ್ಪ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಟೊಮೆಟೊಗೆ ಔಷಧಿ ಹೊಡೆಯುತ್ತಿದ್ದ. ಗಾಳಿ ಈ ಕಡೆಗೇ, ಹಿಪ್ಪುನೇರಳೆ ತೋಟದ ಮೇಲೇ ಬೀಸುತ್ತಿತ್ತು.

"ಅಕ್ಕ, ಸೊಪ್ಪಿನ ಮೇಲೆ ಬೀಳಲ್ವಾ?" ಎಂದಳು ಷಮೀಮ್.

ಮುನಿಲಕ್ಷ್ಮಿ ಆ ಕಡೆ ನೋಡಿದಳು. "ಹುಣಸೆಹಣ್ಣು ತಗೊಂಡ್ಯಾ?" ಎಂದಳು.

ಮೂರನೆಯ ದಿನ ಹುಳ ಸತ್ತವು. ಹಸಿರು ಕಕ್ಕಿಕೊಂಡು, ಸುರುಳಿ ಸುತ್ತಿಕೊಂಡು, ತಟ್ಟೆ ತಟ್ಟೆಯೇ ಸತ್ತವು. ಸುದ್ದಿ ತಂದವನು ಬಬ್ಲು. "ಅಬ್ಬಾ, ಅಂಬರೀಶ ಸ್ಟೇಟಸ್ ಹಾಕಿದ್ದಾನೆ. ಸತ್ತ ಹುಳದ ಫೋಟೋ, ಕೆಳಗೆ ನಿಮ್ಮ ಡೈಲಾಗು."

ಗಂಡ ಹೆಂಡತಿ ಹೊರಟು ನಿಂತರು. ಸಾದಲಿಯಲ್ಲಿ ಅಂಬರೀಶ ಅಂಗಳದಲ್ಲೇ ಅಡ್ಡ ನಿಂತ. ಸತ್ತ ಹುಳವನ್ನು ಗುಂಡಿಗೆ ಹಾಕಿ ಬಂದ ಕೈ ಇನ್ನೂ ತೊಳೆದಿರಲಿಲ್ಲ.

"ಒಳಗೆ ಬರ್ಬೇಡಿ ಸಾಬ್ರೇ."

ಮಾವ ಎನ್ನುತ್ತಿದ್ದ ಹುಡುಗ ಸಾಬ್ರೇ ಎಂದದ್ದು ಸಾದಿಕ್ ಪಾಷಾನಿಗೆ ಕಪಾಳಕ್ಕೆ ಹೊಡೆದಂತಾಯಿತು. "ಅಂಬರೀಶ, ನಾನು ಅತ್ತರ್ ಹಚ್ಕೊಂಡು ಬಂದಿರ್ಲಿಲ್ಲ ಕಣಪ್ಪ. ಅದು ಬರೀ ಆಟ. ನೀನೇ ಮಾಡು ಅಂದೆ."

"ನಾನ್ ಆಟ ಆಡಿ ಅಂದೆ. ಹುಳ ಸಾಯ್ಸಿ ಅಂದ್ನಾ?"

"ಔಷಧಿ ಹೊಡೀತಿದ್ರಲ್ಲಪ್ಪ ಆವತ್ತು," ಷಮೀಮ್ ತಡೆಯಲಾರದೆ ಅಂದಳು. "ನಿಮ್ಮ ಚಿಕ್ಕಪ್ಪ. ನನ್ನ ಮೂಗಿಗೇ ಬಡೀತು."

"ವಾಸನೆ ವಿಷ್ಯ ನೀವ್ ಹೇಳ್ಬೇಡಿ," ಎಂದ ಅಂಬರೀಶ. ಗೋಡೆಯಾಚೆ ನಿಂತಿದ್ದ ಯಾರೋ ಕಿಸಕ್ಕೆಂದರು. ಮುನಿಲಕ್ಷ್ಮಿ ಒಳಗಿನ ಕತ್ತಲಲ್ಲಿ ಕೂತಿದ್ದಳು. ಅವಳ ಸೀರೆಯ ಅಂಚು ಕಾಣುತ್ತಿತ್ತು, ಅವಳು ಹೊರಗೆ ಬರಲಿಲ್ಲ.

ಆಮೇಲಿನ ವಾರಗಳು ಹೇಗೆ ಕಳೆದವು ಎಂದು ಹೇಳುವುದು ಕಷ್ಟ. ಮಾರುಕಟ್ಟೆಯಲ್ಲಿ ಸಾದಿಕ್ ಪಾಷಾ ಎಲ್ಲರಿಗಿಂತ ಹೆಚ್ಚು ಬೆಲೆ ಕೂಗಿದರೂ ರೈತರು ಒಲ್ಲೆ ಎನ್ನತೊಡಗಿದರು. ಹಾಗನ್ನುವ ಹಕ್ಕು ಅವರಿಗಿತ್ತು. ಸಾದಲಿ ಕಡೆಯ ಬಯ್ಯಪ್ಪನಂತೂ ಗೂಡಿನ ರಾಶಿಯ ಮೇಲೆ ಪಂಚೆ ಹೊದಿಸಿ, "ಮುಟ್ಬೇಡಿ ಸಾಬ್ರೇ, ಮನೇಲಿ ಇನ್ನೊಂದು ಬೆಳೆ ಐತೆ," ಎಂದ. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ಅವನ ಮುಖದಿಂದ ತಿಳಿಯಲಿಲ್ಲ.

ಗೂಡಿಲ್ಲದೆ ಶೆಡ್ಡಿನ ಒಲೆ ಆರಿತು. ನೂಲು ಬಿಚ್ಚುತ್ತಿದ್ದ ಹೆಂಗಸರು ಎರಡು ದಿನ ಬಂದು ಕೂತು, ಮೂರನೆಯ ದಿನ ಬೇರೆ ಶೆಡ್ಡಿಗೆ ಹೋದರು. ಬೇಯಿಸಿದ ಹುಳದ ನಾತಕ್ಕೆ ಷಮೀಮ್ ಮದುವೆಯಾಗಿ ಬಂದ ದಿನದಿಂದ ಮೂಗು ಮುರಿದವಳು. ಈಗ ಹಿತ್ತಲ ಬಾಗಿಲು ತೆರೆದರೆ ಏನೂ ಬಾರದಿದ್ದದ್ದು ಅವಳಿಗೆ ಅಳು ತರಿಸಿತು. ಅಡುಗೆಮನೆಯಲ್ಲಿ ಮಾಂಸದ ಬದಲು ಮೊಟ್ಟೆ ಬಂತು, ಮೊಟ್ಟೆಯ ಬದಲು ಬೇಳೆ ಬಂತು, ಆಮೇಲೆ ಸಾದಲಿಯ ಹುಣಸೆಹಣ್ಣಿನ ಗೊಜ್ಜು. ರುಬೀನಾಳ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಆ ಡೈರೆಕ್ಟರಿಗೆ ಫೋನ್ ಮಾಡಿ," ಎಂದಳು ಷಮೀಮ್.

"ಮಾಡ್ದೆ. ಅವರಿಗೆ ಖುಷಿಯಾಯ್ತು."

"ಖುಷಿಯಾ?"

"'ನೋಡಿ ಸಾರ್, ನಮ್ಮ ಸಿನಿಮಾ ಎಷ್ಟು ನಿಜ ಅಂತ ಪ್ರೂವ್ ಆಯ್ತು' ಅಂದ್ರು."

ಬಬ್ಲು ಮಾತ್ರ ಬೇರೆ ದಾರಿ ಹಿಡಿದಿದ್ದ. ಚಿಂತಾಮಣಿಯಲ್ಲಿ ಹೊಸ ಬಿರಿಯಾನಿ ಹೋಟೆಲ್ ತೆರೆಯುವವರಿದ್ದರು. ಅತ್ತರ್ ಸಾಬಿ ಬಂದು ರಿಬ್ಬನ್ ಕತ್ತರಿಸಿ ಡೈಲಾಗ್ ಹೇಳಬೇಕಂತೆ.

"ಹೋಗಕೂಡದು," ಎಂದಳು ರುಬೀನಾ. "ಸ್ಟಾಫ್ ರೂಮಿನಲ್ಲಿ ನಾನು ಹೋದ ತಕ್ಷಣ ಮಾತು ನಿಲ್ಲುತ್ತೆ. ಪಿರಿಯಡ್ಡಿನಲ್ಲಿ ಕಪ್ಪು ಹಲಗೆ ಮೇಲೆ ಆ ಎರಡು ಪದ ಬರೆದಿರ್ತಾರೆ, ಒರೆಸಿ ಪಾಠ ಶುರು ಮಾಡ್ತೀನಿ. ಸಾಲದಾ?"

"ನೀನ್ ಒರೆಸ್ತಾ ಇರು ಆಪಾ. ಹೆಂಗೂ ನಗ್ತಾರೆ. ನಗೋರ ಹತ್ರ ಕಾಸಾದ್ರೂ ಇಸ್ಕೊಳೋಣ."

"ಅಬ್ಬನ್ನ ಕೋಲೆ ಬಸವ ಮಾಡ್ತೀಯೇನೋ?"

"ಒಲೆ ಹಚ್ಚಿ ತೋರಿಸು ನೋಡಣ, ಆಮೇಲೆ ಮಾತಾಡು!"

"ಸಾಕು ನಿಲ್ಸಿ!" ಎಂದು ಷಮೀಮ್ ಸೌಟು ಕುಟ್ಟಿದಳು. ಸಾದಿಕ್ ಪಾಷಾ ಎದ್ದು ಅಂಗಿ ಹಾಕಿಕೊಂಡ. ಮಗನ ಬೈಕಿನ ಹಿಂದೆ ಕೂತು ಚಿಂತಾಮಣಿಗೆ ಹೋದ. ಸಂಜೆ ಬಿರಿಯಾನಿಯ ದೊಡ್ಡ ಪೊಟ್ಟಣ ಹಿಡಿದು ಬಂದ. ಷಮೀಮ್ ನಾಲ್ಕು ತಟ್ಟೆಗೆ ಬಡಿಸಿದಳು.

"ನನಗೆ ಬೇಡ," ಎಂದು ರುಬೀನಾ ಗೊಜ್ಜು ಅನ್ನ ಕಲಸಿಕೊಂಡಳು. ಬಬ್ಲು ತಲೆ ಬಗ್ಗಿಸಿ ತಿಂದ. ಸಾದಿಕ್ ಪಾಷಾ ಒಂದು ತುತ್ತು ಎತ್ತಿ, ಮಗಳ ತಟ್ಟೆ ನೋಡಿ, ವಾಪಸ್ಸು ಇಟ್ಟ. ಮಾರನೆಯ ಬೆಳಿಗ್ಗೆ ಷಮೀಮ್ ಉಳಿದದ್ದನ್ನು ಪಕ್ಕದ ಮನೆಯ ಕೋಳಿಗಳಿಗೆ ಹಾಕಿದಳು.

ದಾರಿ ಹೇಳಿದವಳು ರುಬೀನಾ. ಚಿಕ್ಕಬಳ್ಳಾಪುರದ ಒಂದು ಚಿತ್ರ ಬಳಗದವರು ಭಾನುವಾರ ಸಿನಿಮಾ ತೋರಿಸಿ ಚರ್ಚೆ ಇಟ್ಟುಕೊಂಡಿದ್ದರು. ಮೋಹನ್‌ಬಾಬು ಬರುವವನಿದ್ದ, ಎರಡು ಸ್ಟಾರ್ ಕೊಟ್ಟ ಆಶಾರಾಣಿಯೂ ಬರುವವಳಿದ್ದಳು. ಸಾದಿಕ್ ಪಾಷಾನಿಗೂ ಕರೆ ಬಂದಿತ್ತು.

"ಮುನಿಲಕ್ಷ್ಮಮ್ಮನ್ನ ಕರ್ಕೊಂಡ್ ಬನ್ನಿ ಅಮ್ಮಿ. ಅವರು ಮೊಬೈಲಿನ ತುಣುಕು ಬಿಟ್ಟು ಬೇರೇನೂ ನೋಡಿಲ್ಲ. ಪೂರ್ತಿ ನೋಡ್ಲಿ. ಕೊಂದೋನು ಯಾರು ಅಂತ ಕಣ್ಣಾರೆ ನೋಡ್ಲಿ."

ಸಾದಿಕ್ ಪಾಷಾನ ಮುಖ ಎಷ್ಟೋ ದಿನದ ಮೇಲೆ ಅರಳಿತು. "ನಾನ್ ಮೊದಲಿಂದ ಅದನ್ನೇ ಅಲ್ವಾ ಹೇಳ್ತಿದ್ದಿದ್ದು! ಅಕ್ಕ ಒಬ್ರು ಒಪ್ಪಿದ್ರೆ ಸಾದಲಿ ಕಡೆಯೋರೆಲ್ಲ ಒಪ್ತಾರೆ."

ಷಮೀಮ್ ಒಬ್ಬಳೇ ಬಸ್ಸಿನಲ್ಲಿ ಸಾದಲಿಗೆ ಹೋದಳು. ಅಂಬರೀಶ ಇಲ್ಲದ ಹೊತ್ತು ನೋಡಿ ಮುನಿಲಕ್ಷ್ಮಿಯ ಕೈ ಹಿಡಿದುಕೊಂಡಳು. "ಅಕ್ಕ, ನಮ್ಮ ಶೆಡ್ಡಿನ ಒಲೆ ಹಚ್ಚಿ ತಿಂಗಳಾಯ್ತು. ಒಂದೇ ಒಂದ್ಸಲ ಬಂದು ನೋಡಿ ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ ದೇವುಡಾ, ಏಳಮ್ಮ," ಎಂದಳು ಮುನಿಲಕ್ಷ್ಮಿ. ಅಂಬರೀಶ ಬಂದನೇ ಎಂದು ಬಾಗಿಲಾಚೆ ಇಣುಕಿ ನೋಡಿದಳು. "ಬರ್ತೀನಿ ನಡಿ. ಸಂತೆಗೆ ಅಂತ ಹೇಳಿ ಬರ್ತೀನಿ."

ಭಾನುವಾರ ಸಭಾಂಗಣ ತುಂಬಿತ್ತು. ಮುನಿಲಕ್ಷ್ಮಿಯನ್ನು ನಡುವೆ ಕೂರಿಸಿಕೊಂಡು ತಾಯಿ ಮಗಳು ಎರಡು ಪಕ್ಕ ಕೂತರು. ಷಮೀಮಳೂ ಸಿನಿಮಾ ಪೂರ್ತಿ ನೋಡುತ್ತಿದ್ದದ್ದು ಅದೇ ಮೊದಲು. ಸಿದ್ದಣ್ಣ ಮಣಿಪುರದ ಹುಡುಗನ ಹಿಂದೆ ನೂಡಲ್ಸ್ ತಟ್ಟೆ ಹಿಡಿದು ಓಡುವಾಗ ಅವಳಿಗೂ ನಗು ಬಂತು. ಆಮೇಲೆ ಗಂಡ ತೆರೆ ಮೇಲೆ ಬಂದ. ಅತ್ತರ್ ಸೀಸೆ, ಹುಳದ ತಟ್ಟೆ, ಪಿಸ್ತೂಲು. ಅವನು ಬಾಯಿ ತೆರೆಯುವ ಮೊದಲೇ ಸಭೆ ಒಟ್ಟಾಗಿ ಕೂಗಿತು, "ಬರೀ ವಾಸನೆ!" ಸಿಳ್ಳೆ, ಚಪ್ಪಾಳೆ, ಕುರ್ಚಿ ಕುಟ್ಟುವ ಸದ್ದು. ಅದರ ನಡುವೆ ಸೊಳ್ಳೆ ಔಷಧಿಯ ಡಬ್ಬಿ ಬಂದು ಹೋಯಿತು. ಸಿದ್ದಣ್ಣನ ಮಾತು ಯಾರಿಗೂ ಕೇಳಿಸಲಿಲ್ಲ. ಷಮೀಮ್ ಪಕ್ಕಕ್ಕೆ ತಿರುಗಿದಳು. ಮುನಿಲಕ್ಷ್ಮಿ ನಗುತ್ತಿರಲಿಲ್ಲ, ತೆರೆಯನ್ನೇ ನೋಡುತ್ತಿದ್ದಳು. ನೋಡಿದಳು ಎಂದು ಷಮೀಮಳ ಎದೆ ಹಗುರಾಯಿತು.

ಚರ್ಚೆ ಶುರುವಾಯಿತು. ಅಧ್ಯಕ್ಷರಾಗಿದ್ದ ನಿವೃತ್ತ ಪ್ರೊಫೆಸರ್ ಹರಿಕೃಷ್ಣ, ಇಂಥ ವಿಡಂಬನೆ ಕನ್ನಡಕ್ಕೆ ಅಗತ್ಯವಿತ್ತು ಎಂದರು.

"ನಗು ಎಲ್ಲಿ ಬಂತು, ಎಲ್ಲಿ ಬರ್ಲಿಲ್ಲ ಅಂತ ಈಗ ತಾನೇ ಎಲ್ರೂ ಕೇಳಿಸ್ಕೊಂಡ್ರಲ್ಲ," ಎಂದಳು ಆಶಾರಾಣಿ. "ನಾನು ಬರೆದದ್ದು ಅಷ್ಟೇ."

"ನಮ್ಮ ಪ್ರೇಕ್ಷಕರು ದಡ್ಡರಲ್ಲ ಮೇಡಂ," ಎಂದ ಮೋಹನ್‌ಬಾಬು. ಅದಕ್ಕೂ ಚಪ್ಪಾಳೆ ಬಿತ್ತು.

ಸಾದಿಕ್ ಪಾಷಾನನ್ನು ವೇದಿಕೆಗೆ ಕರೆದರು. ಅವನು ಮೈಕು ಹಿಡಿದು ಸಭೆಯಲ್ಲಿ ಮುನಿಲಕ್ಷ್ಮಿಯನ್ನು ಹುಡುಕಿದ. "ನಮಸ್ಕಾರ. ನಾನು ಶಿಡ್ಲಘಟ್ಟದ ಸಾದಿಕ್ ಪಾಷಾ. ನಮ್ಮ ತಂದೆಯವರ ಕಾಲದಿಂದ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದೇವೆ. ಹುಳದ ಮನೆಗೆ ಹೋಗುವಾಗ ನಾನು ಯಾವತ್ತೂ ಅತ್ತರ್..."

ಅತ್ತರ್ ಎಂಬ ಮಾತಿಗೆ ಸಭೆ ಘೊಳ್ಳೆಂದಿತು. ಅವನು ತಡೆದು ನಿಂತ.

"ದಯವಿಟ್ಟು ನಗಬೇಡಿ. ಇದು ಸಿನಿಮಾದ ವಿಷಯವಲ್ಲ."

ಇನ್ನೂ ಜೋರಾಗಿ ನಕ್ಕರು. ಹಿಂದಿನ ಸಾಲಿನಿಂದ "ಡೈಲಾಗ್! ಡೈಲಾಗ್!" ಎಂದು ಕೂಗು ಎದ್ದಿತು. ಮೋಹನ್‌ಬಾಬು ನಗುತ್ತ ಕೈಮುಗಿದ. "ಒಂದೇ ಸಲ ಸಾರ್, ಪ್ಲೀಸ್."

ಹೇಳಬೇಡಿ ಎಂದು ಷಮೀಮ್ ಮನಸ್ಸಿನಲ್ಲೇ ಬೇಡಿಕೊಂಡಳು. ಸಾದಿಕ್ ಪಾಷಾ ಮೈಕು ನೋಡಿದ, ಸಭೆ ನೋಡಿದ. ಕಣ್ಣು ಅಗಲಿಸಿದ. ಅಂಗಿ ಕೊಡವಿದ. "ನಾನು ಏನೂ ಅಲ್ಲಾ ಸ್ವಾಮೀ," ಎಂದ. ಉಳಿದದ್ದನ್ನು ಸಭೆಯೇ ಹೇಳಿತು. ರುಬೀನಾ ಎದ್ದು ಹೊರಗೆ ಹೋದಳು. ವೇದಿಕೆಯ ಮೇಲೆ ಆಶಾರಾಣಿ ತನ್ನ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಆಮೇಲೆ ಜಗಲಿಯಲ್ಲಿ ಕಾಗದದ ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಷಮೀಮ್ ಮುನಿಲಕ್ಷ್ಮಿಯನ್ನು ಒಂದು ಮೂಲೆಗೆ ಕರೆದುಕೊಂಡು ಹೋದಳು.

"ನೋಡಿದ್ರಾ ಅಕ್ಕ? ಹುಳ ಕೊಂದೋನು ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಕಣಮ್ಮ. ಆ ಔಷಧಿ ಹೊಡ್ದೋನು."

"ಅಲ್ವಾ ಅಕ್ಕ! ಇದನ್ನ ಅಂಬರೀಶನಿಗೆ ಒಂದು ಮಾತು ಹೇಳಿ. ನೀವು ಹೇಳಿದ್ರೆ ಅವನಿಗೂ ಗೊತ್ತಾಗುತ್ತೆ."

ಮುನಿಲಕ್ಷ್ಮಿ ಉಪ್ಪಿಟ್ಟಿನೊಳಗಿನ ಮೆಣಸಿನಕಾಯಿ ಆರಿಸಿ ತಟ್ಟೆಯ ಅಂಚಿಗೆ ಇಟ್ಟಳು. "ಅವನಿಗೂ ಗೊತ್ತಮ್ಮ."

"ಏನ್ ಗೊತ್ತು?"

"ನಮ್ಮನೇಲಿ ಹುಳ ಸತ್ತಿದ್ದು ಯಾತಕ್ಕೆ ಅಂತ. ಸತ್ತ ದಿನಾನೇ ಗೊತ್ತು. ಹಸಿರು ಕಕ್ಕಿ ಸಾಯೋದು ಔಷಧಿಗೇ ಅಂತ ನಂಗ್ ಗೊತ್ತಿಲ್ವಾ? ಊರೋರೆಲ್ರಿಗೂ ಗೊತ್ತೈತೆ."

ಷಮೀಮ್ ತಟ್ಟೆ ಹಿಡಿದೇ ನಿಂತಳು. "ಮತ್ಯಾಕಕ್ಕ? ಮತ್ಯಾಕೆ ನಮ್ಮನೆಯವರ ಮೇಲೆ ಹಾಕಿದ್ರಿ?"

"ಬೋರ್‌ವೆಲ್ಲು ಆವುಲಪ್ಪನ ಹೊಲದಾಗೈತೆ. ಅವನ ಹೆಸರೆತ್ತಿದ್ರೆ ನಾಳೆ ನಮ್ ತೋಟಕ್ಕೆ ನೀರು ನಿಲ್ಲಿಸ್ತಾನೆ. ದಾಯಾದಿ ಜಗಳ, ಕೊಡಲಿ ತಗೊಂಡ್ ಬರ್ತಾರೆ ಕಣಮ್ಮ." ಮುನಿಲಕ್ಷ್ಮಿ ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಬೈದಾದರೂ ಬಿಡಬಹುದಿತ್ತು. "ಸಾಬ್ರು ಏನ್ ಮಾಡ್ತಾರೆ ಹೇಳು? ಬೇಜಾರ್ ಮಾಡ್ಕೋತಾರೆ, ಅಷ್ಟೇ. ಅದೂ ಸಿನಿಮಾ ಬಂದಿತ್ತಲ್ಲ, ಜನಕ್ಕೆ ಬೇಗ ಹಿಡೀತು."

ಷಮೀಮಳಿಗೆ ಕಿರುಚಬೇಕೆನ್ನಿಸಿತು. ಎಲ್ಲರೂ ಕೇಸರಿಬಾತು ತಿನ್ನುತ್ತಿದ್ದರು.

"ಮುಂದಿನ ಬೆಳೆಗೆ ಬರಕ್ಕೇಳು," ಎಂದಳು ಮುನಿಲಕ್ಷ್ಮಿ, ಅವಳ ತೋಳು ಸವರುತ್ತ. "ಒಳಗೆ ಬೇಡ, ಹೊರಗೆ ಹುಣಸೆಮರದ ಹತ್ರ ನಿಂತಿರ್ಲಿ. ನಾನೇ ಒಂದು ಹಿಡಿ ಗೂಡು ತಂದು ತೋರಿಸ್ತೀನಿ. ಯಾರೂ ಇಲ್ಲದ ಹೊತ್ತಲ್ಲಿ."

ನಾಲ್ವರೂ ಒಂದೇ ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಬಂದರು. ಸಾದಲಿ ಕಡೆಗೆ ಹೋಗುವ ಬಸ್ಸಿಗೆ ಮುನಿಲಕ್ಷ್ಮಿಯನ್ನು ಹತ್ತಿಸಿ, ಅವಳಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟವನು ಸಾದಿಕ್ ಪಾಷಾ.

ಬೆಳಿಗ್ಗೆ ಷಮೀಮ್ ಎದ್ದಾಗ ಗಂಡ ಹಿತ್ತಲಲ್ಲಿದ್ದ. ಶೆಡ್ಡಿನ ಒಲೆಯ ಹಳೆ ಬೂದಿ ತೋಡಿ ಹೊರಗೆ ಹಾಕಿದ್ದ. ತೊಟ್ಟಿ ತಿಕ್ಕುತ್ತಿದ್ದ.

"ನಿನ್ನೆ ನಗೋರು ನಗ್ಲಿ ಬಿಡು," ಎಂದ, ತಲೆ ಎತ್ತದೆ. "ರುಬೀನಾಗೆ ಸಿಟ್ಟು ಬಂದಿದೆ, ಗೊತ್ತು. ಇರ್ಲಿ. ಅಕ್ಕ ಪೂರ್ತಿ ನೋಡಿದ್ರಲ್ಲ?"

"ನೋಡಿದ್ರು."

"ಕೊನೇ ತನಕ?"

"ಕೊನೇ ತನಕ."

"ಏನಂದ್ರು? ಅರ್ಥ ಆಯ್ತಂತಾ?" ಈಗ ಅವನು ತಲೆ ಎತ್ತಿದ್ದ. ಗಡ್ಡದಲ್ಲಿ ಬೂದಿ ಮೆತ್ತಿಕೊಂಡಿತ್ತು. ಮದುವೆಯಾದ ಹೊಸತರಲ್ಲಿ ಮೊದಲ ನೂಲಿನ ಲಡಿ ತಂದು ಚೆನ್ನಾಗಿದೆಯಾ ಎಂದು ಕೇಳಿದ್ದಾಗ ಇದ್ದ ಮುಖವೇ ಅದು.

ಷಮೀಮ್ ಸೆರಗಿನ ತುದಿ ಬಾಯಿಗೆ ಒತ್ತಿ ಹಿಡಿದಳು. ಆಮೇಲೆ ಬಿಟ್ಟಳು.

"ಎಲ್ಲ ಅರ್ಥ ಆಗಿದೆಯಂತೆ," ಎಂದಳು.

"ನಾನ್ ಹೇಳ್ಲಿಲ್ವಾ! ಪೂರ್ತಿ ನೋಡಿದ್ರೆ ಯಾರಿಗಾದ್ರೂ ಅರ್ಥ ಆಗುತ್ತೆ." ಸಾದಿಕ್ ಪಾಷಾ ಕೈ ಒರೆಸಿಕೊಂಡು ಒಳಗೆ ಹೋದ. ಗೂಟದಲ್ಲಿ ನೇತು ಬಿದ್ದಿದ್ದ ನೀಲಿ ಅಂಗಿ ತಂದು ಅವಳ ಕೈಗೆ ಕೊಟ್ಟ. "ಹೊಸ ಹುಳ ತಂದಿರ್ತಾರೆ ಇಷ್ಟೊತ್ತಿಗೆ. ಇದನ್ನ ಒಗೆದಿಡು. ಸೋಪು ಹಾಕ್ಬೇಡ ಮತ್ತೆ."

ಷಮೀಮ್ ಅಂಟುವಾಳ ನೆನೆಹಾಕಿ, ಕಿವುಚಿ, ನೊರೆ ಬರಿಸಿ ಅಂಗಿ ಒಗೆದಳು. ಹಿಂಡಿ ಕೊಡವಿದಳು. ಅವನು ತೊಟ್ಟಿಯ ಹತ್ತಿರದಿಂದಲೇ ಕೂಗಿದ, "ವಾಸನೆ ಇದೆಯಾ ನೋಡು."

ಅವಳು ಒದ್ದೆ ಅಂಗಿಯಲ್ಲಿ ಮುಖ ಹುದುಗಿಸಿದಳು.

"ಇಲ್ಲ ಕಣ್ರೀ," ಎಂದಳು. "ಏನೂ ಇಲ್ಲ."

ಹಾಗೆಂದವಳು ಅಂಗಿಯನ್ನು ಮತ್ತೆ ಬಕೆಟ್ಟಿಗೆ ಹಾಕಿ ಇನ್ನೊಮ್ಮೆ ಒಗೆಯಲು ಕೂತಳು.